ಗೇಜಿನ ಮರೆಯಲ್ಲಿದ್ದ ಇನಿಷಿಯಲ್

ಅಕ್ಕ,

ಕವರಿನ ಮೇಲೆ ನನ್ನ ಅಕ್ಷರ ಕಂಡ ಮೇಲೂ ನೀವು ಇದನ್ನು ಒಡೆದು ಓದುತ್ತಿದ್ದೀರೆಂದು ನಂಬುತ್ತೇನೆ. ನಂಬುವುದು ನನ್ನ ಜಾಯಮಾನವಲ್ಲ. ಬೀಗ ಹಾಕಿ ಮೂರು ಸಲ ಎಳೆದು ನೋಡುತ್ತೇನೆಂದು ನನಗೆ ‘ಗುಮಾನಿ’ ಎಂದು ಹೆಸರಿಟ್ಟವರೇ ನೀವು.

ಕಳೆದ ಸೋಮವಾರ ಹೊಸ ಮ್ಯಾನೇಜರು, ಫ್ಯಾಕ್ಟರಿಯ ಕಂಪ್ಯೂಟರ್ ನಕ್ಷೆಗಳಲ್ಲಿ ನಾವು ಮತ್ತೆ ಮತ್ತೆ ಎತ್ತಿ ಇಡುವ ಪ್ರತಿ ಮೀಟರಿನ ಸಿಂಬಲ್ಲಿಗೂ ‘ಮುಂದಿನ ತಪಾಸಣೆಯ ದಿನ’ ಎಂಬ ಕಾಲಂ ಸೇರಿಸಲು ಹೇಳಿದರು. ಟ್ಯಾಗ್ ನಂಬರು, ಅಳತೆಯ ಮಿತಿ, ಪರಿಶೀಲಿಸಿದವರು ಎಂಬ ಮೂರರ ಜೊತೆಗೆ ನಾಲ್ಕನೆಯದು. ಸೇರಿಸಿದೆ. ಸರಿಯಾಗಿ ಬಂತೋ ಎಂದು ನೋಡಲು ಪರದೆಯ ಖಾಲಿ ಹಾಳೆಯ ಮೇಲೆ ಪ್ರೆಶರ್ ಗೇಜಿನ ಒಂದು ಸಿಂಬಲ್ ಇಟ್ಟು, ಮರೆಯಲ್ಲಿರುವ ಕಾಲಂಗಳನ್ನೂ ತೆರೆದೆ. ನಾನಿನ್ನೂ ಒಂದಕ್ಷರ ಒತ್ತಿರಲಿಲ್ಲ. ‘ಪರಿಶೀಲಿಸಿದವರು’ ಎಂಬಲ್ಲಿ ಆಗಲೇ ನಿಮ್ಮ ಇನಿಷಿಯಲ್ ಕೂತಿತ್ತು. ನೀವು ಕೆಲಸ ಬಿಟ್ಟು ಎಂಟು ತಿಂಗಳಾಗಿದೆ.

ನನಗೆ ಮೊದಲು ಏನನ್ನಿಸಿತು ಗೊತ್ತೇ? ನೀವು ಎಲ್ಲಿಂದಲೋ ನಮ್ಮ ಕಂಪ್ಯೂಟರಿಗೆ ಕೈ ಹಾಕಿದ್ದೀರಿ ಎಂದು! ಪಾಸ್‌ವರ್ಡ್ ಬದಲಿಸಿದೆ. ನಿಮ್ಮೊಡನೆ ಊಟಕ್ಕೆ ಕೂರುತ್ತಿದ್ದ ಸ್ಟೋರ್‌ಕೀಪರ್ ಮೇಲೂ ಒಂದು ಕಣ್ಣಿಟ್ಟೆ. ಇನ್ನೊಂದು ಗೇಜ್ ಇಟ್ಟೆ; ಮತ್ತೆ ನೀವೇ.

ಕೊನೆಗೆ ಸಿಂಬಲನ್ನೇ ಬಿಚ್ಚಿದೆ. ಎರಡು ವರ್ಷದ ಹಿಂದೆ ಅದನ್ನು ಮಾಡಿದ್ದು ನಾನೇ. ಹೊಸದಾಗಿ ಬರೆಯಲು ಸೋಮಾರಿತನ, ನೀವು ಪರಿಶೀಲಿಸಿ ಮುಗಿಸಿದ್ದ ಹಾಳೆಯಿಂದ ಒಂದು ಗೇಜನ್ನು ಎತ್ತಿಕೊಂಡಿದ್ದೆ. ನಂಬರು ಅಳಿಸಿದ್ದೆ, ಮಿತಿ ಅಳಿಸಿದ್ದೆ. ನಿಮ್ಮ ಇನಿಷಿಯಲ್ ಅಳಿಸಲು ಮರೆತು, ನಕ್ಷೆ ಅಚ್ಚುಕಟ್ಟಾಗಿ ಕಾಣಲೆಂದು ಆ ಕಾಲಂ ಅನ್ನೇ ಮರೆಮಾಡಿದ್ದೆ. ಅಂದಿನಿಂದ ಯಾರು ಆ ಗೇಜ್ ಇಟ್ಟರೂ, ನಕ್ಷೆಯ ಮೇಲೆ ಕಾಣದಿದ್ದರೂ, ಕಂಪ್ಯೂಟರ್ ತೆಗೆದುಕೊಡುವ ಪಟ್ಟಿಯಲ್ಲಿ ನೀವು ನೋಡಿ ಒಪ್ಪಿದಂತೆ ದಾಖಲಾಗಿದೆ.

ಬಾಯ್ಲರಿನ ಹಾಳೆಯಲ್ಲೂ ಅಷ್ಟೇ. ಕಂಟ್ರಾಕ್ಟರ್ ಕಡೆಯವರು ನನ್ನ ಸಿಂಬಲ್ ಬಳಸಿ, ಒತ್ತಡದ ಮಿತಿ ಹದಿನಾರು ಬಾರ್ ಇರಬೇಕಾದ ಕಡೆ ಹತ್ತು ಎಂದು ಬರೆದ ಹಾಳೆ ಅದು. ಅದರಂತೆಯೇ ಗೇಜ್ ತಂದು ಕೂರಿಸಿದರು. ಅದು ಒಡೆದು ಫಿಟ್ಟರ್ ಅಣ್ಣನ ಎಡಗೈಯ ಎರಡು ಬೆರಳು ಹೋದವು. “ಆ ಹಾಳೆ ನನ್ನ ಟೇಬಲ್ಲಿಗೇ ಬಂದಿಲ್ಲ ಸರ್” ಎಂದಿರಿ ನೀವು. ಹಳೆಯ ಮ್ಯಾನೇಜರು ನನ್ನತ್ತ ತಿರುಗಿದಾಗ ನಾನು, “ಪಟ್ಟಿಯಲ್ಲಿ ಇನಿಷಿಯಲ್ ಅವರದ್ದೇ ಇದೆಯಲ್ಲ ಸರ್” ಎಂದೆ. ಮರುವಾರವೇ ನಿಮ್ಮಿಂದ ರಾಜೀನಾಮೆ ಬರೆಸಿಕೊಂಡರು.

ಹೊರಡುವ ದಿನ ನೀವು ನನ್ನ ಪಕ್ಕ ಬಂದು ನಿಂತು, “ಆ ಸಿಂಬಲ್ ಒಂದ್ಸಲ ಬಿಚ್ಚಿ ನೋಡೇ” ಎಂದಿರಿ. ಸಾಕ್ಷಿ ಕೆಡಿಸಲು ನನ್ನನ್ನು ಬಳಸಿಕೊಳ್ಳುತ್ತಿದ್ದೀರಿ ಎಂದುಕೊಂಡೆ. ಬೀಗವನ್ನು ಮೂರು ಸಲ ಎಳೆಯುವವಳು ಅದೊಂದನ್ನು ಮುಟ್ಟಲಿಲ್ಲ. ಈಗಲೂ ನನ್ನ ಬುದ್ಧಿ ನೋಡಿ. ನಿಮಗೆ ಗೊತ್ತಿದ್ದೂ ಮ್ಯಾನೇಜರಿಗೇಕೆ ಹೇಳಲಿಲ್ಲ? ನನ್ನನ್ನು ಉಳಿಸಲೋ, ಒಂದು ದಿನ ನಾನು ಹೀಗೆ ಒದ್ದಾಡಲಿ ಎಂದೋ? ನಾಲ್ಕು ದಿನದಿಂದ ಇದೇ ಅನುಮಾನ. ಕ್ಷಮಿಸಿ ಎನ್ನಲು ನಾಚಿಕೆಯಾಗುತ್ತಿದೆ. ಆದರೂ ಕ್ಷಮಿಸಿ.

ನೀವು ನೋಡದ ಅರವತ್ತೊಂದು ಹಾಳೆಗಳಲ್ಲಿ ನಿಮ್ಮ ಇನಿಷಿಯಲ್ ಇದೆ. ಅವನ್ನೆಲ್ಲ ತಡೆಹಿಡಿಸಿದ್ದೇನೆ. ಇವತ್ತು ಫಿಟ್ಟರ್ ಅಣ್ಣನಿಗೂ ಹೇಳಿದೆ. ಬೈಯಲಿ ಎಂದು ಕಾದು ನಿಂತೆ. ಅವನು ಕೇಳಿದ್ದು ಒಂದೇ ಮಾತು: “ಅಕ್ಕಂಗೆ ಹೇಳಿದ್ರಾ?”

ಮ್ಯಾನೇಜರಿಗೆ ಕೊಡುವ ವರದಿಯನ್ನು ಜೊತೆಗಿಟ್ಟಿದ್ದೇನೆ. ತಪ್ಪು ಯಾರದೆಂಬಲ್ಲಿ ನನ್ನ ಪೂರ್ತಿ ಹೆಸರನ್ನು ಪೆನ್ನಿನಲ್ಲಿ ನಾನೇ ಬರೆದಿದ್ದೇನೆ. ನನ್ನ ಮಾತು ನಂಬಬೇಡಿ, ಒಂದೊಂದು ಸಾಲನ್ನೂ ಓದಿ. ‘ಪರಿಶೀಲಿಸಿದವರು’ ಎಂಬ ಜಾಗವನ್ನು ಖಾಲಿ ಬಿಟ್ಟಿದ್ದೇನೆ.

ಇನ್ನು ಮುಂದೆ ನೀವು ಬರೆದಲ್ಲಿ ಮಾತ್ರ ನಿಮ್ಮ ಹೆಸರಿರಲಿ ಎಂದು ಹಾರೈಸುವ,

ನಿಮ್ಮ ಗುಮಾನಿ