ವಾವ್ ಅಂದರೆ ಏನು ಅಂತ ಕೇಳಿದ್ದೆಯಲ್ಲ

ಮಂಗಳವಾರ, ಮಧ್ಯಾಹ್ನ
ಅಂಗಡಿಯ ಕಟಿಂಗ್ ಮೇಜಿನಿಂದ

ನನ್ನ ಮುದ್ದಿನ ಗುಂಡೀ, ಫೋನ್ ಎತ್ತದ ಹಟಮಾರಿಯೇ,

ಮೆಸೇಜು ಹಾಕಿದರೆ ನೋಡಿದ ಗುರುತು ಬರುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಹರಿದು ಹಾಕಿದರೆ ಏನು ಮಾಡುತ್ತೀ ಅಂತ ನಿಮ್ಮಪ್ಪ ಕೇಳಿದರು. ಹೊಲಿಗೆಯವಳ ಮಗಳು, ಅಷ್ಟು ಸುಲಭಕ್ಕೆ ಏನನ್ನೂ ಹರಿಯುವುದಿಲ್ಲ ಅಂದೆ.

ಭಾನುವಾರ ನಿನ್ನ ಅಂಗಡಿ ಶುರುವಾಗುತ್ತದೆ, ಅಮ್ಮ ಅಷ್ಟು ದೂರದಿಂದ ಸುಮ್ಮನೆ ಯಾಕೆ ತೊಂದರೆ ತೆಗೆದುಕೊಳ್ಳಬೇಕು ಅಂತ ನಿಮ್ಮಪ್ಪನ ಹತ್ತಿರ ಹೇಳಿದೆಯಂತೆ. ತೊಂದರೆಯಂತೆ, ತೊಂದರೆ! ಚಿಕ್ಕಂದಿನಲ್ಲಿ ಕೋಟಿನ ಗುಂಡಿ ನುಂಗಿ ನನ್ನನ್ನು ಊರೆಲ್ಲ ಓಡಾಡಿಸಿ ಗುಂಡಿ ಅನ್ನುವ ಹೆಸರು ಸಂಪಾದಿಸಿದವಳು, ಈಗ ನನಗೆ ತೊಂದರೆಯಾಗುತ್ತದೆ ಅಂತ ಯೋಚನೆ ಮಾಡುತ್ತಾಳೆ. ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು. ಎರಡನ್ನೂ ನಿಮ್ಮಪ್ಪನ ಮೇಲೇ ತೀರಿಸಿಕೊಂಡೆ.

ಇಷ್ಟಕ್ಕೂ ನಾನು ಮಾಡಿದ್ದೇನು? ಕಿಟಕಿಯಲ್ಲಿ ಮೊಟ್ಟಮೊದಲು ನೇತುಹಾಕಬೇಕು ಅಂತ ಹೊಲಿದ ಕೋಟಿನ ಫೋಟೋವನ್ನು ನೀನು ನನಗೆ ಕಳಿಸಿದೆ. ನಾನು ವಾವ್ ಅಂತ ಬರೆದೆ. ತಪ್ಪೇನಿದೆ ಹೇಳಮ್ಮ ಅಂತ ನೀನು ಕೇಳಿದೆ. ನಾನು ಇನ್ನೊಂದು ಸಲ ವಾವ್ ಅಂತ ಬರೆದೆ, ಈ ಸಲ ಸ್ವಲ್ಪ ಎಳೆದು. ವಾವ್ ಅಂದರೆ ಏನಮ್ಮ ಅರ್ಥ ಅಂತ ಕೇಳಿದವಳು ನೀನು ಅಲ್ಲಿಗೆ ಬಾಯಿಗೆ ಹೊಲಿಗೆ ಹಾಕಿಕೊಂಡೆ. ಉತ್ತರ ಉದ್ದವಿದೆ, ಕೂತುಕೊಂಡು ಓದು.

ಇದಕ್ಕೆಲ್ಲ ಮೂಲ ಪಕ್ಕದ ಪಾರ್ಲರಿನವಳು. ನಮ್ಮ ಅಂಗಡಿಯಲ್ಲಿ ಕತ್ತರಿಗೆ ಸಾಣೆ ಬೇಕು, ನನ್ನ ಬಾಯಿಗೆ ಬೇಡ ಅಂತ ನಿಮ್ಮಪ್ಪ ಹೇಳುವುದು ನಿನಗೆ ಗೊತ್ತೇ ಇದೆ. ಹೋದ ತಿಂಗಳು ಅಳತೆಗೆ ಬಂದ ಒಬ್ಬಾಕೆಗೆ, ನಿಮ್ಮ ಎಡಭುಜ ಬಲಭುಜದ ಜೊತೆ ಮಾತು ಬಿಟ್ಟಿದೆ ಅಂದುಬಿಟ್ಟೆ. ಆಕೆ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಅಳುತ್ತಾ ಪಾರ್ಲರಿಗೆ ಹೋದಳು. ಪಾರ್ಲರಿನವಳು ಟೇಪು ವಾಪಸು ತಂದುಕೊಟ್ಟು, ಜೊತೆಗೆ ಬುದ್ಧಿಯನ್ನೂ ಕೊಟ್ಟಳು. ಯಾರು ಏನು ತೋರಿಸಿದರೂ ವಾವ್ ಅನ್ನಬೇಕಂತೆ. ತಾನೇ ಹಾಳು ಮಾಡಿದ ಕೂದಲನ್ನು ನೋಡಿ ತಾನೇ ವಾವ್ ಅಂದರೂ ಗಿರಾಕಿ ನಗುನಗುತ್ತಾ ಹೋಗುತ್ತಾರಂತೆ.

ಅದನ್ನೇ ಕನ್ನಡದಲ್ಲಿ ಹೇಳಿದರೆ ಆಗುವುದಿಲ್ಲವೇ ಅಂತ ಕೇಳಿದೆ. ಅಬ್ಬಾ ಅನ್ನಿ ಅಂದಳು. ಅಬ್ಬಾ ಅಂದರೆ ನನಗೆ ಸೊಂಟನೋವು ನೆನಪಾಗುತ್ತದೆ. ಭೇಷ್ ಅನ್ನಿ ಅಂದಳು. ಅದು ಕುಸ್ತಿ ಗೆದ್ದವರ ಬೆನ್ನು ತಟ್ಟುವ ಮಾತು. ಆಹಾ ಅನ್ನಿ ಅಂದಳು. ನಮ್ಮ ಮನೆಯಲ್ಲಿ ಆಹಾ ಅನ್ನುವುದು ಹಂಗಿಸುವುದಕ್ಕೆ ಮಾತ್ರ. ಕೊನೆಗೆ ಆ ಇಂಗ್ಲಿಷ್ ಮಾತೇ ಗಟ್ಟಿಯಾಯಿತು. ಟ್ರಯಲ್ ಕನ್ನಡಿಯ ಮುಂದೆ ಬಾಯಿ ಗುಂಡಗೆ ಮಾಡಿ ಅಭ್ಯಾಸ ಮಾಡುತ್ತಿದ್ದೆ. ನಿಮ್ಮಪ್ಪ ನೋಡಿ, ನೋಯುತ್ತಿರುವುದು ದವಡೆ ಹಲ್ಲೋ ಮುಂದಿನ ಹಲ್ಲೋ ಅಂತ ಕೇಳಿದರು.

ಹೇಳಿದ ಹಾಗೆಯೇ ಮಾಡಿದೆ ಕಣೇ. ಹೊಟ್ಟೆ ಬಂದಿದೆ, ಪ್ಯಾಂಟಿನ ಸೊಂಟ ಬಿಡಿಸಿಕೊಡಿ ಅಂತ ಒಬ್ಬರು ಬಂದರು, ವಾವ್ ಅಂದೆ. ಅತ್ತೆ ಬಿದ್ದು ಕಾಲು ಮುರಿದುಕೊಂಡರು ಅಂತ ಒಬ್ಬಳು ಹೇಳಿದಳು. ಬಾಯಿ ತಪ್ಪಿ ಅಲ್ಲೂ ವಾವ್ ಅಂದೆ. ಅವಳು ನನ್ನ ಮುಖವನ್ನೇ ನೋಡಿ, ಆಚೀಚೆ ನೋಡಿ, ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತು ಅಂತ ಮೆಲ್ಲಗೆ ಹೇಳಿದಳು. ಈಗ ಅವಳು ವಾರಕ್ಕೊಂದು ಬಟ್ಟೆ ಹೊಲಿಸುತ್ತಾಳೆ.

ಇಂಥ ದಿನಗಳಲ್ಲೇ ನಿನ್ನ ಫೋಟೋ ಬಂತು. ಅದೇ ಹೊತ್ತಿಗೆ ಬ್ಯಾಂಕಿನ ಮ್ಯಾನೇಜರ ಹೊಸ ಪ್ಯಾಂಟು ಇಸ್ತ್ರಿಯಲ್ಲಿ ಸುಟ್ಟುಹೋಯಿತು. ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಕೈಕೊಟ್ಟಿತ್ತು, ಇನ್ನೇನು. ನಿಮ್ಮಪ್ಪ ಇವತ್ತಿಗೂ ಅದರ ಸ್ಕ್ರೂ ಬಿಚ್ಚಿ, ತಟ್ಟೆಯಲ್ಲಿ ಹರಡಿಕೊಂಡು ಕೂತಿದ್ದಾರೆ. ಸುಟ್ಟ ವಾಸನೆಗೆ ಓಡಿಬಂದ ಪಾರ್ಲರಿನವಳು ನನ್ನ ಕೈಯಲ್ಲಿದ್ದ ಫೋಟೋ ನೋಡಿದಳು. ಈ ಸಲವಾದರೂ ಮಗಳ ತಪ್ಪು ಹುಡುಕಬೇಡಿ, ಪಾಪ, ಹೊಸ ಅಂಗಡಿ ಹಾಕುತ್ತಿದ್ದಾಳೆ ಅಂದಳು. ನನಗೂ ಹೌದಲ್ಲ ಅನ್ನಿಸಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನಾನು ಹೆಗ್ಗಣಕ್ಕೂ ನಿನ್ನ ಬಾಲ ಸೊಟ್ಟ ಅಂತ ಹೇಳುವವಳು. ಒಂದು ದಿನವಾದರೂ ಬೇರೆ ಅಮ್ಮಂದಿರ ಹಾಗೆ ಇರೋಣ ಅಂತ ವಾವ್ ಅಂತ ಒತ್ತಿದೆ. ನೀನು ಕುಣಿದಾಡುತ್ತೀ ಅಂದುಕೊಂಡಿದ್ದೆ.

ನೀನು ಯಾಕೆ ಮುನಿಸಿಕೊಂಡೆ ಅಂತ ನನಗೆ ತಿಳಿದದ್ದು ಮೊನ್ನೆ ಶನಿವಾರ, ಅದೂ ಒಬ್ಬ ಮೇಷ್ಟ್ರ ಮಾನ ಕಳೆದ ಮೇಲೆ. ಅವರು ನಿವೃತ್ತಿಯಾಗುವವರು, ಬೀಳ್ಕೊಡುಗೆಗೆ ಅಂತ ಕೋಟು ಹೊಲಿಯಲು ಕೊಟ್ಟಿದ್ದರು. ಮೊದಲ ಟ್ರಯಲ್. ತೋಳಿಗೆ ಬರೀ ಕಚ್ಚಾ ಹೊಲಿಗೆ, ಒಂದು ಎಳೆ ಎಳೆದರೆ ಬಿಚ್ಚಿಬರುವಂಥದ್ದು. ಅವರು ಹಾಕಿಕೊಂಡು ನಿಂತರು, ನನ್ನ ಬಾಯಿಗೆ ಅಭ್ಯಾಸವಾಗಿತ್ತಲ್ಲ, ವಾವ್ ಅಂದೆ. ಸೀಮೆಸುಣ್ಣ ಹುಡುಕಿ ತಿರುಗುವಷ್ಟರಲ್ಲಿ ಮನುಷ್ಯ ಕೋಟು ಸಮೇತ ನಾಪತ್ತೆ. ಮುಗಿಯಿತು ಅಂದುಕೊಂಡು ಸೀದಾ ಸಭೆಗೆ ಹೋಗಿದ್ದಾರೆ. ಭಾಷಣದಲ್ಲಿ, ಮಕ್ಕಳೇ ಎತ್ತರಕ್ಕೆ ಕೈ ಚಾಚಿ ಅಂತ ತಮ್ಮ ಬಲಗೈ ಮೇಲೆತ್ತಿದರಂತೆ. ಕೈ ಮೇಲೆ ಹೋಯಿತು, ತೋಳು ಕೆಳಗೆ ಬಂತು. ಸಭೆಯಲ್ಲಿ ಅಂಥ ಚಪ್ಪಾಳೆ ಯಾವತ್ತೂ ಬಿದ್ದಿರಲಿಲ್ಲವಂತೆ.

ತೋಳನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಬಂದರು. ಬೈಯಲಿಲ್ಲ, ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು. ಕೆಲಸ ಮುಗಿಯುವ ಮೊದಲೇ ಯಾಕಮ್ಮ ಮೆಚ್ಚಿಕೊಂಡಿರಿ, ನೀವು ಮೆಚ್ಚಿದರೆ ಹೊರಟುಹೋಗು ಅಂತ ತಾನೇ ನಾನು ತಿಳಿಯುವುದು ಅಂದರು.

ಗುಂಡೀ, ಆ ಮಾತು ಎದೆಗೆ ಸೂಜಿಯ ಹಾಗೆ ಚುಚ್ಚಿತು. ನಮ್ಮ ಕೆಲಸವೇ ಹಾಗಲ್ಲವೇ? ತಪ್ಪು ಹೇಳುತ್ತಾ ಇರುವಷ್ಟು ಹೊತ್ತು ಬಟ್ಟೆ ನಮ್ಮ ಮೇಜಿನ ಮೇಲಿರುತ್ತದೆ. ಚೆನ್ನಾಗಿದೆ ಅಂದಕೂಡಲೇ ಅದು ಇನ್ನೊಬ್ಬರದು, ಬಾಗಿಲು ದಾಟಿ ಹೋಗುತ್ತದೆ. ನೀನು ಸೂಜಿ ಹಿಡಿದ ದಿನದಿಂದ ನಾನು ನಿನ್ನ ಕಾಲರು ಬಿಚ್ಚಿಸಿದ್ದೇನೆ, ಗುಂಡಿ ತೂರಿಸುವ ಕಾಜಾ ಬಿಚ್ಚಿಸಿದ್ದೇನೆ, ನಿನ್ನನ್ನು ಅಳಿಸಿದ್ದೇನೆ. ನೀನು ಅಳುತ್ತಲೇ ಮತ್ತೆ ತಂದು ತೋರಿಸುತ್ತಿದ್ದೆ. ನನಗೆ ಅದೇ ಸುಖ. ಈಗ ವಾವ್ ಅಂತ ನೋಡಿದಾಗ, ಅಮ್ಮ ನನ್ನನ್ನು ಮಡಿಸಿ ಚೀಲಕ್ಕೆ ಹಾಕಿ ಕೈ ತೊಳೆದುಕೊಂಡಳು ಅಂತ ನಿನಗೆ ಅನ್ನಿಸಿತು. ನಾನು ನಿನ್ನನ್ನು ಇನ್ನೂ ಮೇಜಿನಿಂದ ಇಳಿಸಿಲ್ಲ ಕಣೇ. ಇಳಿಸುವ ಮನಸ್ಸೂ ಇಲ್ಲ.

ಹಾಗಾಗಿ ಈಗ ಸಾವಧಾನವಾಗಿ ಕೇಳಿಸಿಕೋ. ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದ್ದೇನೆ. ಕಾಲರಿನ ಎಡತುದಿ ಮೇಲಕ್ಕೆ ನೋಡುತ್ತಿದೆ, ಯಾರನ್ನೋ ಕಾಯುತ್ತಿರುವ ಹಾಗೆ. ಕೆಳಗಿನ ಕಾಜಾ ಹೊಲಿಯುವಾಗ ನೀನು ಫೋನಿನಲ್ಲಿ ಮಾತಾಡುತ್ತಿದ್ದೆ, ಬೇಕಾದರೆ ಆಣೆ ಮಾಡು. ಜೇಬಿನ ಮುಚ್ಚಳ ನೆಟ್ಟಗಿದೆ, ಜೇಬು ನೆಟ್ಟಗಿಲ್ಲ. ಒಳಗಿನ ಲೈನಿಂಗ್ ನಾನು ನೋಡಿಲ್ಲ. ಒಳಗು ನೋಡದೆ ಯಾವ ಬಟ್ಟೆಯನ್ನೂ ಒಪ್ಪಬಾರದು ಅಂತ ನಿನಗೆ ಕಲಿಸಿದವಳು ನಾನೇ. ಅದನ್ನು ತಿರುಗಿಸಿ ನೋಡುವುದಕ್ಕಾದರೂ ನಾನು ಬರಬೇಕಲ್ಲ.

ಕರೆಯದಿದ್ದರೂ ಬಂದೇ ಬರುತ್ತೇನೆ ಅಂತ ಬರೆಯಬೇಕು ಅಂದುಕೊಂಡಿದ್ದೆ. ಬೇಡ. ಅದು ನಿನ್ನ ಅಂಗಡಿ, ನೀನು ಕರೆದರೆ ಬರುತ್ತೇನೆ. ನಿಮ್ಮಪ್ಪ ಆಗಲೇ ಚೀಲ ತುಂಬಿ ಬಾಗಿಲ ಹತ್ತಿರ ಇಟ್ಟಿದ್ದಾರೆ. ನನ್ನ ಚೀಲ ಖಾಲಿ ಇದೆ, ಆದರೆ ಅದನ್ನೂ ಪಕ್ಕದಲ್ಲೇ ಇಟ್ಟಿದ್ದೇನೆ.

ನಿನ್ನ ಕಾಲರು ನೆಟ್ಟಗಾಗಲಿ ಅಂತ ಹಾರೈಸುವ,
ಅಮ್ಮ

ತಾ.ಕ.: ಇಸ್ತ್ರಿಪೆಟ್ಟಿಗೆಗೆ ಏನೂ ಆಗಿಲ್ಲ. ಮ್ಯಾನೇಜರ ಪ್ಯಾಂಟಿನ ಮೇಲೆ ಅದನ್ನು ಇಟ್ಟಿದ್ದೆ, ಆಗಲೇ ನಿನ್ನ ಫೋಟೋ ಬಂತು. ಭುಜಕ್ಕೆ ನೀನು ತೋಳು ಕೂರಿಸಿದ ರೀತಿ ನೋಡುತ್ತಾ ನಿಂತೆ. ನನಗೆ ಇಷ್ಟು ವರ್ಷದಲ್ಲಿ ಒಂದು ಸಲವೂ ಹಾಗೆ ಬಂದಿಲ್ಲ ಗುಂಡೀ. ಹೊಗೆ ಎದ್ದು ಪಾರ್ಲರಿನವಳು ಓಡಿಬಂದು ಕೈ ಹಿಡಿದು ಎಳೆದ ಮೇಲೆಯೇ ನನಗೆ ಎಚ್ಚರವಾದದ್ದು. ಸುಟ್ಟ ಭಾಗವನ್ನು ಕತ್ತರಿಸಿ ಈ ಕಾಗದದ ಜೊತೆ ಇಟ್ಟಿದ್ದೇನೆ, ಇಸ್ತ್ರಿಪೆಟ್ಟಿಗೆಯ ಅಚ್ಚು ಪೂರ್ತಿ ಮೂಡಿದೆ. ವಾವ್ ಅಂದರೆ ಏನು ಅಂತ ಕೇಳಿದ್ದೆಯಲ್ಲ, ಇದು. ನಿಮ್ಮಪ್ಪನಿಗೆ ಮಾತ್ರ ತೋರಿಸಬೇಡ, ಪಾಪ, ಇನ್ನೂ ಸ್ಕ್ರೂ ಬಿಚ್ಚುತ್ತಿದ್ದಾರೆ.