ಬೀಪ್ ಹಾಕದ ಮಾತು

ಗುರುವಾರ, ಊಟದ ಬಿಡುವು

ನನ್ನ ಮಗಳ ಅಪ್ಪನಿಗೆ,

ನಿನ್ನ ಕಾಗದ ಕೈಸೇರಿತು. ಭಾನುವಾರ ಬರುತ್ತೀಯಂತೆ, ನಾನು ತೆಗೆಯದಿದ್ದರೂ ನಿನ್ನ ಅಮ್ಮ ಬಾಗಿಲು ತೆಗೆಯುತ್ತಾರಂತೆ. ಕೈ ಎತ್ತಿದ್ದು ತಪ್ಪು ಅಂತ ಒಂದೇ ಸಾಲು. ಉಳಿದದ್ದೆಲ್ಲ ಆ ಮಾತಿನ ವಕಾಲತ್ತು. ಎಫ್‌ನಿಂದ ಶುರುವಾಗುವ ಆ ಇಂಗ್ಲಿಷ್ ಬೈಗುಳವನ್ನು ಈಗ ಎಲ್ಲರೂ ಆಡುತ್ತಾರೆ, ನಿಮ್ಮ ಚಾನೆಲ್‌ನವರೇ ಬೀಪ್ ಹಾಕುವುದು ಬಿಟ್ಟಿದ್ದಾರೆ, ನೀನೊಬ್ಬಳೇ ಯಾಕೆ ಅದನ್ನು ಹಿಡಿದು ಜಗ್ಗುತ್ತೀಯ ಅಂತ.

ಬಿಟ್ಟಿದ್ದು ನಿಜ. ಸಿನಿಮಾದ ಬೈಗುಳಗಳ ಮೇಲೆ ಬೀಪ್ ಕೂರಿಸುವುದೇ ನನ್ನ ಹೊಟ್ಟೆಪಾಡು, ನನಗೆ ಗೊತ್ತಿರದೆ ಇನ್ಯಾರಿಗೆ ಗೊತ್ತು. ಹೋದ ತಿಂಗಳಿಂದ ಅದನ್ನು ಹಾಗೇ ಬಿಡಿ ಅಂತ ಮೇಲಿನವರು ಹೇಳಿದರು. ನಮ್ಮ ಭಾಷಾ ಸಲಹೆಗಾರರಿದ್ದಾರಲ್ಲ, ಡಿಕ್ಷನರಿ ಮೇಷ್ಟ್ರು, ಅವರನ್ನು ಕೇಳಿದೆ. ಯಾವುದೋ ರಾಜನ ಅಪ್ಪಣೆಯ ಪದಗಳ ಮೊದಲಕ್ಷರ ಸೇರಿಸಿ ಹುಟ್ಟಿತು ಅನ್ನೋದೆಲ್ಲ ಬುರುಡೆ ಕಣಮ್ಮ ಅಂದರು. ನೂರೈವತ್ತು ವರ್ಷಕ್ಕೂ ಮಿಕ್ಕಿ ನಿಘಂಟಿನವರು ಅದನ್ನು ಒಳಗೇ ಬಿಟ್ಟುಕೊಂಡಿರಲಿಲ್ಲವಂತೆ. ಮೂಲ ಯಾರಿಗೂ ಖಚಿತವಿಲ್ಲ. ಆದರೆ ಅದರ ಹಳೇ ನಂಟಿನ ಮಾತುಗಳಿಗೆ ಹೊಡೆಯೋದು, ತಿವಿಯೋದು ಅನ್ನೋ ಅರ್ಥ ಇತ್ತು ಅಂತಾರೆ, ಈಗ ನೋಡು, ಸಿಟ್ಟಿಗೂ ಸೈ, ಸುಸ್ತಿಗೂ ಸೈ, ಖುಷಿಗೂ ಸೈ ಅಂದರು. ನಾನು ನಕ್ಕುಬಿಟ್ಟೆ. ಅದರರ್ಥ ಹೊಡೆಯುವುದು ಅಂತ ನನಗೆ ಹೇಳಿಕೊಡಲು ಮೇಷ್ಟ್ರು ಬೇಕಿತ್ತೆ.

ನಿನ್ನ ಬಾಯಿಂದ ಆ ಮಾತು ಬಂದ ಹಿಂದೆಯೇ ಕೈ ಬರುತ್ತಿತ್ತು. ಇಸ್ತ್ರಿಪೆಟ್ಟಿಗೆ ಬೀಸಿದ ದಿನ ಮಾತು ಬಾಗಿಲಲ್ಲೇ ಕೇಳಿಸಿತು, ಹಾಗಾಗಿ ಮುಖ ಉಳಿಯಿತು, ಭುಜದ ಮೂಳೆ ಹೋಯಿತು. ಬಚ್ಚಲ ಗೋಡೆಗೆ ನನ್ನ ತಲೆ ಜಜ್ಜಿದ ದಿನ ನೀನು ಅದನ್ನು ಎರಡು ಸಲ ಅಂದೆ. ನನ್ನ ಹಲ್ಲು ರಕ್ತದ ಜೊತೆ ನೀರಲ್ಲಿ ಹರಿದುಹೋಯಿತು, ಬಗ್ಗಿ ಹುಡುಕಲೂ ನೀನು ಬಿಡಲಿಲ್ಲ.

ಮೊನ್ನೆ ಆಫೀಸಿನ ಹೊಸ ಹುಡುಗಿಗೆ ಬಡ್ತಿ ಸಿಕ್ಕಿತು. ಖುಷಿಗೆ ಅದೇ ಮಾತು ಕೂಗಿದಳು. ನನಗೆ ಅರಿವಾಗುವಷ್ಟರಲ್ಲಿ ನಾನು ಮೇಜಿನ ಕೆಳಗಿದ್ದೆ, ಎರಡೂ ಕೈ ತಲೆ ಮೇಲೆ. ಅದನ್ನೂ ನುಂಗಿಕೊಳ್ಳುತ್ತಿದ್ದೆನೋ ಏನೋ. ಸಂಜೆ ಮೆಟ್ಟಿಲ ಮೇಲೆ ಪಕ್ಕದ ಮನೆಯವರು ನಗುನಗುತ್ತಾ ಅದನ್ನೇ ಅಂದರು. ಪುಟ್ಟಿ ತಿನ್ನುತ್ತಿದ್ದ ತಟ್ಟೆ ಬಿಟ್ಟು ಮಂಚದಡಿ ನುಗ್ಗಿದಳು. ಯಾರೂ ಕಲಿಸಿದ್ದಲ್ಲ. ಇದನ್ನು ನಾನು ನುಂಗಲಾರೆ.

ಭಾನುವಾರ ಬರಬೇಡ. ಬಾಗಿಲ ಹಿಂದೆ ಹಾರೆ ಇದೆ. ಎತ್ತಿದರೆ ನಿನ್ನ ಮಂಡಿಚಿಪ್ಪು ಉಳಿಯುವುದಿಲ್ಲ. ನಿನ್ನಲ್ಲಿ ಒಂದು ಒಳ್ಳೆಯತನವಿತ್ತು, ಹೊಡೆಯುವ ಮುಂಚೆ ಆ ಮಾತಾಡಿ ಎಚ್ಚರಿಸುತ್ತಿದ್ದೆ. ನಾನು ತುಟಿ ಬಿಚ್ಚುವುದಿಲ್ಲ.

ಇಂತಿ,
ಪುಟ್ಟಿಯ ಅಮ್ಮ

ಬರೆಯಲು ಮರೆತೆ: ನಿನ್ನ ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ನಿಮ್ಮಪ್ಪನ ಬಾಯಲ್ಲಿ ಆ ಮಾತು ಬಂದರೆ ಚಿಕ್ಕವನಿದ್ದಾಗ ನೀನೂ ಅದೇ ಮಂಚದಡಿ ಸೇರುತ್ತಿದ್ದೆಯಂತೆ. ಹಾರೆ ತಂದಿಟ್ಟವರು ಅವರೇ. ಬಾಗಿಲು ನಾನೇ ತೆಗೀತೀನಿ ಅಂತ ಬರಿ, ಅಂದರು.