ಹತ್ತನೆಯವನ ನಕ್ಷತ್ರ ರೇವತಿ

ತೀರ್ಥರೂಪು ಅಪ್ಪನವರ ಸನ್ನಿಧಿಗೆ,

೧. ಅರಿಕೆದಾರ: ಬಿ. ನಂಜುಂಡಯ್ಯ, ವಯಸ್ಸು ಎಂಬತ್ತೆರಡು, ನ್ಯಾಯಾಲಯದ ನಕಲು ವಿಭಾಗದ ನಿವೃತ್ತ ಗುಮಾಸ್ತ. ಹಾಲಿ ವಾಸ ಮಗಳ ಮನೆ, ಸಮರ್‌ಸೆಟ್, ನ್ಯೂಜೆರ್ಸಿ.

೨. ವಿಳಾಸದಾರರು: ಅರಿಕೆದಾರನ ತಂದೆ, ಯುದ್ಧಕಾಲದಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಕಾಲವಾಗಿ ನಲವತ್ತು ವರ್ಷ ಮೀರಿದೆ, ಹಾಲಿ ವಾಸ ತಮಗೇ ಗೊತ್ತು.

೩. ವಿಷಯ: ತಾವು ಕುಂಕುಮವಿಟ್ಟು ಕಳಿಸಿದ ಒಂದು ಅಮೆರಿಕನ್ ಬಾಂಬರ್ ವಿಮಾನ, ಅದರಲ್ಲಿದ್ದ ಹತ್ತು ಜನ, ಆ ಪೈಕಿ ಹೆಸರಿಲ್ಲದೆ ಉಳಿದಿದ್ದ ಒಬ್ಬ.

೪. ಆಧಾರ: ತಮ್ಮ ಸ್ವಹಸ್ತದ ನೋಟ್‌ಬುಕ್ಕು, ಒಂದು.

೫. ವಿಳಂಬಕ್ಕೆ ಕಾರಣ: ಸಂಗತಿ ತಿಳಿದದ್ದೇ ಮೊನ್ನೆ.

ಅಪ್ಪ, ಅರ್ಜಿಯ ನಮೂನೆ ಕಂಡು ನಗಬೇಡಿ, ಕಲಿಸಿದವರು ನೀವೇ. ಶೇಷಾದ್ರಿಪುರದ ಬಾಡಿಗೆ ಮನೆಯ ಜಗಲಿ ನೆನಪಿದೆಯೇ? ಪಕ್ಕದ ಮನೆಯಲ್ಲಿ ಅರ್ಜಿ ಬರೆದುಕೊಡುತ್ತಿದ್ದ ರಾಯರಿಂದ ಮಸಿ ಚೆಲ್ಲಿ ಕೆಟ್ಟ ಹಾಳೆಗಳನ್ನು ಕೇಳಿ ತಂದು ನನ್ನ ಮುಂದೆ ಹರಡಿ, "ಅಕ್ಷರ ದುಂಡಗಾಗೋವರ್ಗೂ ನೋಡ್ಕೊಂಡು ಬರಿ" ಎನ್ನುತ್ತಿದ್ದಿರಿ. ಅಕ್ಷರ ದುಂಡಗಾಯಿತು. ಅದರೊಂದಿಗೆ, ಪ್ರತಿಯೊಂದು ಸಂಗತಿಗೂ ಒಂದು ಕ್ರಮಸಂಖ್ಯೆ ಕೊಟ್ಟು ನಿಲ್ಲಿಸುವ ಅಭ್ಯಾಸವೂ ಕೈಗೆ ಹತ್ತಿತು. ಮೂವತ್ತನಾಲ್ಕು ವರ್ಷ ಅದೇ ನನಗೆ ಅನ್ನ ಹಾಕಿತು. ಅಮೆರಿಕ ಸರ್ಕಾರದ ಮುಂದೆಯೂ ಅದು ಕೈಬಿಡಲಿಲ್ಲವೆಂದು ಹೆಮ್ಮೆಯಿಂದ ನಿವೇದಿಸಿಕೊಳ್ಳುತ್ತೇನೆ.

ಕಳೆದ ವಸಂತದಲ್ಲಿ ನಿಮ್ಮ ಮರಿಮಗಳು ಅದಿತಿ ಹೊಸ ಕಾರು ಕೊಂಡು ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿದಳು. ಅವಳಿರುವುದು ಹೋಬೋಕನ್‌ನಲ್ಲಿ, ಕೆಲಸಕ್ಕೆ ದಿನವೂ ದೋಣಿಯಲ್ಲಿ ನದಿ ದಾಟುತ್ತಾಳೆ. "ದೋಣೀಲಿ ಹೋಗೋಳಿಗೆ ಕಾರು ಯಾತಕ್ಕೇ?" ಎಂದಳು ನಿಮ್ಮ ಸೊಸೆ ಶಾರದೆ. "ಅಜ್ಜಿ, ವೀಕೆಂಡ್ ನಿನ್ನ ಸಾರಿಗೋಸ್ಕರ ಡ್ರೈವ್ ಮಾಡ್ಕೊಂಡು ಬರೋಕೆ!" ಎಂದಿತು ಹುಡುಗಿ. ಸರಿ, ಪೂಜೆಯಾಯಿತು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟೆವು. ಸಂಕಲ್ಪದಲ್ಲಿ ಅವಳ ಹೆಸರು, ನಕ್ಷತ್ರ, ಜೊತೆಗೆ ಕಾರಿನ ನಂಬರನ್ನೂ ನಾನು ಗಟ್ಟಿಯಾಗಿ ಓದಿದೆ. ಎದುರು ಮನೆಯ ಡೊರೊತಿ ಕೋಲೂರಿಕೊಂಡು ನೋಡಲು ಬಂದಿದ್ದಳು. ಎಂಬತ್ತೆಂಟು ವರ್ಷದ ಅಮೆರಿಕನ್ ಹೆಂಗಸು. ನಂಜುಂಡಯ್ಯ ಎನ್ನಲು ಬಾರದೆ ನನ್ನನ್ನು ಮಿಸ್ಟರ್ ನಂಜ್ ಎನ್ನುತ್ತಾಳೆ. ಅವಳ ಇಂಗ್ಲಿಷನ್ನು ನಿಮಗಾಗಿ ಕನ್ನಡಿಸುತ್ತೇನೆ.

"ನಂಬರ್ ಯಾಕೆ ಓದಿದ್ರಿ, ಮಿಸ್ಟರ್ ನಂಜ್?"

"ಕಾಪಾಡಬೇಕಾದ್ದು ಯಾವ ಕಾರು ಅಂತ ದೇವರಿಗೆ ಗೊತ್ತಾಗ್ಬೇಕಲ್ಲ."

"ಈ ಟರ್ನ್‌ಪೈಕ್ ಹೆದ್ದಾರೀಲಿ ಗಾಡಿ ಓಡಿಸೋದಾದ್ರೆ ನಂಗೂ ನಾಲ್ಕು ನಿಂಬೆಹಣ್ಣು ಕೊಡಿ!"

ಎಲ್ಲರೂ ನಕ್ಕರು. ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನಿಮ್ಮ ಮಗನಲ್ಲವೇ? "ನಮ್ಮಪ್ಪ ನಿಮ್ಮ ಬಾಂಬರ್ ವಿಮಾನಗಳಿಗೇ ಹೀಗೆ ಮಾಡಿ ಕಳಿಸ್ತಿದ್ರು" ಎಂದು ಬಡಾಯಿ ಕೊಚ್ಚಿದೆ. ಡೊರೊತಿಯ ನಗು ನಿಂತಿತು. ಅವಳ ಅಣ್ಣ ರಾಬರ್ಟ್ ಅಂಥದೇ ಒಂದು ಬಾಂಬರ್‌ನಲ್ಲಿ ಗನ್ನರ್ ಆಗಿದ್ದನಂತೆ. ಅವನು ಮನೆ ಬಿಟ್ಟಾಗ ಅವಳಿಗೆ ಏಳು ವರ್ಷ. ಹಿಂದೂಸ್ತಾನದ ಕಡೆ ಎಲ್ಲೋ ಕಾಣೆಯಾಗಿದ್ದಾನೆ ಎಂಬ ಒಂದು ತಂತಿ ಬಂದದ್ದು ಬಿಟ್ಟರೆ ಯಾವ ವಿಮಾನ, ಯಾವ ನೆಲ, ಏನೂ ತಿಳಿದಿಲ್ಲ. "ಎಲ್ಲಿ ಅಂತ ಗೊತ್ತಾದ್ರೆ ಸಾಕು. ನಾನು ಹೋಗೋಕ್ಕೆ ಮುಂಚೆ ಅಷ್ಟು..." ಎಂದವಳು ಮಾತು ಮುಗಿಸದೆ ಕಾರಿನ ಕುಂಕುಮವನ್ನೇ ನೋಡುತ್ತ ನಿಂತಳು.

ಕಾರ್ಖಾನೆಯ ದಿನಗಳ ಕತೆಯನ್ನು ಅಮ್ಮ ಎಷ್ಟು ಸಲ ಹೇಳಿದ್ದಳೋ! ನಾನಾಗ ತೊಟ್ಟಿಲ ಕೂಸು. ರಿಪೇರಿಯಾದ ವಿಮಾನ ಹೊರಡುವ ಹಿಂದಿನ ದಿನ ನೀವು ಅದರ ಮೂತಿಗೆ ಕುಂಕುಮವಿಟ್ಟು, ಹೊರಡಲಿರುವ ಒಬ್ಬೊಬ್ಬ ಸೋಲ್ಜರ್‌ನನ್ನೂ ನಿಲ್ಲಿಸಿ ಹುಟ್ಟಿದ ತಾರೀಖು ಕೇಳುತ್ತಿದ್ದಿರಂತೆ. ಗಣೇಶನ ಗುಡಿಯ ಪೂಜಾರಿಯ ಬಳಿ ಹಳೆಯ ಪಂಚಾಂಗಗಳ ಕಟ್ಟು ಬಿಚ್ಚಿಸಿ ಅವರ ನಕ್ಷತ್ರ ಹುಡುಕಿ, ಅಷ್ಟೂ ಜನರ ಹೆಸರಿನಲ್ಲಿ ಅರ್ಚನೆ. ದೊರೆ ಮೇಸ್ತ್ರಿ ಗದರಿದಾಗ, "ಇಂಜಿನ್ ನಾನು ನೋಡ್ಕೋತೀನಿ, ಗಾಳಿ ಯಾರು ನೋಡ್ಕೋತಾರೆ ಸಾರ್?" ಎಂದಿರಂತೆ, ಆತ ಟೋಪಿ ತೆಗೆದು ತಲೆ ಕೆರೆದುಕೊಂಡು ಹೋದನಂತೆ. ಇದು ನಿಜವೇ, ಅಥವಾ ಅಮ್ಮನ ಒಗ್ಗರಣೆಯೇ?

ಅಂದೇ ಸಂಜೆ ಪೆಟ್ಟಿಗೆಯಿಂದ ನಿಮ್ಮ ನೋಟ್‌ಬುಕ್ಕು ತೆಗೆದು ಅಡುಗೆಮನೆಯ ಮೇಜಿನ ಮೇಲಿಟ್ಟೆ. ಒಂದು ವಿಮಾನಕ್ಕೆ ಒಂದು ಪುಟ. ಮೇಲೆ ಬಾಲದ ನಂಬರು, ಕೆಳಗೆ ಅವರು ಒಬ್ಬರನ್ನೊಬ್ಬರು ಕರೆಯುತ್ತಿದ್ದ ಅಡ್ಡಹೆಸರುಗಳು, ಪಕ್ಕದಲ್ಲಿ ನಕ್ಷತ್ರ. ರೆಡ್, ಪುಷ್ಯ. ಟೆಕ್ಸ್, ಸ್ವಾತಿ. ಡಾಕ್, ಮೂಲಾ. ನಾನು ಓದುತ್ತ ಹೋದೆ, ಡೊರೊತಿ ಕೇಳುತ್ತ ಕುಳಿತಳು. ಹದಿನೇಳನೆಯ ಪುಟದ ಕೊನೆಯಲ್ಲಿ "ಜೆರ್ಸಿ, ರೇವತಿ" ಎಂದಿತ್ತು. ಅವಳು ನನ್ನ ಮಣಿಕಟ್ಟು ಹಿಡಿದಳು. ರಾಬರ್ಟ್ ಮನೆಗೆ ಬರೆದ ಕಾಗದಗಳಲ್ಲಿ ಜೆರ್ಸಿ ಎಂದೇ ಸಹಿ ಹಾಕುತ್ತಿದ್ದನಂತೆ. ಆದರೆ ನ್ಯೂಜೆರ್ಸಿಯಿಂದ ಯುದ್ಧಕ್ಕೆ ಹೋದ ಎಷ್ಟು ಹುಡುಗರಿಗೆ ಆ ಹೆಸರು ಇತ್ತೋ! ಅಷ್ಟರಿಂದ ಏನು ಸಿದ್ಧವಾದೀತು?

ಅದಿತಿ ಬಾಲದ ನಂಬರನ್ನು ಕಂಪ್ಯೂಟರಿನಲ್ಲಿ ಹುಡುಕಿದಳು. ಇಲ್ಲಿ ನನ್ನ ಕೈ ತಡೆಯುತ್ತಿದೆ, ಅಪ್ಪ. "ಹೋದವರು ಸುಖವಾಗಿ ಮುಟ್ಟಿರ್ತಾರೆ" ಎಂದು ನೀವು ಕೊನೆಯವರೆಗೂ ನಂಬಿದ್ದಿರಿ. ಆ ಒಂದು ವಿಮಾನ ಮುಟ್ಟಲಿಲ್ಲ. ಅಸ್ಸಾಮಿನಾಚೆಯ ಬೆಟ್ಟಸಾಲಿನಲ್ಲಿ ಮೋಡ ಕವಿದು ದಾರಿ ತಪ್ಪಿತ್ತಂತೆ. ನೀವು ನೋಡಿಕೊಂಡ ಇಂಜಿನ್ನಿನ ಮೇಲೆ ಯಾವ ದೂರೂ ಇಲ್ಲ, ಸಮಾಧಾನ ಮಾಡಿಕೊಳ್ಳಿ. ಬಹುಕಾಲದ ಮೇಲೆ ಅಲ್ಲಿ ಅವಶೇಷಗಳು ಸಿಕ್ಕವು. ಸೈನ್ಯದ ಕಾಗದದಲ್ಲಿ ಇದ್ದದ್ದು ಒಂಬತ್ತು ಜನ. ಬೆಟ್ಟದಲ್ಲಿ ಸಿಕ್ಕಿದ್ದು ಹತ್ತು ಜನರ ಅಸ್ಥಿ. ತನ್ನ ಠಾಣೆಗೆ ಮರಳಲು ಯಾರೋ ಒಬ್ಬ ಪಟ್ಟಿ ಬರೆದಾದ ಮೇಲೆ ಜಾಗ ಕೇಳಿ ಸೇರಿಕೊಂಡಿರಬೇಕು ಎಂದು ಊಹೆ. ಒಂಬತ್ತು ಜನ ತಂತಮ್ಮ ಊರುಗಳಿಗೆ ಹೋದರು. ಹತ್ತನೆಯವನು ಹೆಸರಿಲ್ಲದೆ, ಕಾಣೆಯಾದ ಸೈನಿಕರನ್ನು ಹುಡುಕುವ ಇಲಾಖೆಯ ಕಪಾಟಿನಲ್ಲೇ ಉಳಿದ.

ಆ ಒಂಬತ್ತು ಜನರ ಹುಟ್ಟಿದ ತಾರೀಖುಗಳೂ ಕಂಪ್ಯೂಟರಿನಲ್ಲೇ ಇದ್ದವು. ಇಷ್ಟು ಸಿಕ್ಕರೆ ನಿಮ್ಮ ಮಗ ಬಿಡುತ್ತಾನೆಯೇ? ಹಳೆಯ ವರ್ಷಗಳ ಪಂಚಾಂಗ ಈಗ ಫೋನಿನಲ್ಲೇ ಸಿಗುತ್ತದೆ. ಒಂದೊಂದು ತಾರೀಖಿಗೂ ನಕ್ಷತ್ರ ನೋಡಿದೆ. ಪೈಲಟ್‌ಗೆ ಪುಷ್ಯ: ಅವನೇ ನಿಮ್ಮ ರೆಡ್. ರೇಡಿಯೋದವನಿಗೆ ಮೂಲಾ: ಅವನೇ ಡಾಕ್. ಒಂಬತ್ತಕ್ಕೆ ಒಂಬತ್ತೂ ಕೂಡಿಬಂದವು. ರೇವತಿ ಒಂದೇ ಮಿಕ್ಕಿತು. ಡೊರೊತಿ ತನ್ನ ಮನೆಯ ಹಳೆಯ ಬೈಬಲ್ ತಂದಳು. ಅದರ ಮೊದಲ ಹಾಳೆಯಲ್ಲಿ ಅವಳ ತಾಯಿ ರಾಬರ್ಟ್ ಹುಟ್ಟಿದ ತಾರೀಖಷ್ಟೇ ಅಲ್ಲ, ಸಂಜೆ ಏಳು ಗಂಟೆ ಎಂದು ವೇಳೆಯನ್ನೂ ಬರೆದಿದ್ದಳು. ವೇಳೆಯೇ ಸಿಕ್ಕಿದೆಯೆಂದ ಮೇಲೆ ಶಾಸ್ತ್ರೋಕ್ತವಾಗಿ ಮಾಡಬೇಡವೇ? ಇಲ್ಲಿಯ ಸಂಜೆ ಏಳೆಂದರೆ ನಮ್ಮಲ್ಲಿ ಮರುದಿನದ ಬೆಳಗು. ಅದರಂತೆ ನೋಡಿದೆ. ಅಶ್ವಿನಿ ಬಂತು.

"ಅಲ್ಲ, ಡೊರೊತಿ. ಇವನು ನಿಮ್ಮಣ್ಣ ಅಲ್ಲ" ಎಂದೆ. ಅವಳು ಥ್ಯಾಂಕ್ಸ್ ಹೇಳಿ, ಬೈಬಲನ್ನು ಎದೆಗವಚಿಕೊಂಡು ರಸ್ತೆ ದಾಟಿದಳು. "ಎಂಬತ್ತು ವರ್ಷ ಕಾದೋರಿಗೆ ಎರಡು ನಿಮಿಷದಲ್ಲಿ ಅಲ್ಲ ಅಂದ್ಬಿಟ್ರಲ್ಲ. ಮಹಾ ಜೋಯಿಸರು!" ಎಂದು ಶಾರದೆ ಪಾತ್ರೆ ಕುಕ್ಕಿದಳು. ಒಂದು ವಾರ ಮನೆಯಲ್ಲಿ ನನಗೆ ಬೆಪ್ಪನ ಪಟ್ಟ.

ಮುಂದಿನ ಭಾನುವಾರ ಅದಿತಿ ಬಂದವಳು, ದೋಸೆ ಬಾಯಲ್ಲಿಟ್ಟುಕೊಂಡೇ ಕೇಳಿದಳು: "ತಾತ, ವೆಯ್ಟ್. ಆ ಒಂಬತ್ತು ಜನಕ್ಕೂ ಟೈಮ್ ಕನ್ವರ್ಟ್ ಮಾಡಿದ್ರಾ?"

"ಅವರದು ವೇಳೆಯೇ ಇರ್ಲಿಲ್ವಲ್ಲಮ್ಮ. ತಾರೀಖು ಮಾತ್ರ."

"ದೆನ್ ವೈ ಓನ್ಲಿ ಫಾರ್ ಹಿಮ್? ಮುತ್ತಜ್ಜನೂ ತಾರೀಖು ಮಾತ್ರ ಕೇಳಿದ್ರು, ರೈಟ್? ಅವರು ಏನು ಮಾಡಿದ್ರೋ ಅದನ್ನ ಮಾಡಿ ತಾತ. ಕರೆಕ್ಟ್ ಇರೋದನ್ನಲ್ಲ!"

ನಾನು ತಟ್ಟೆ ಬದಿಗಿಟ್ಟೆ. ಅಮೆರಿಕದಲ್ಲಿ ಹುಟ್ಟಿದವನ ತಾರೀಖನ್ನು ಬೆಂಗಳೂರಿನ ಪಂಚಾಂಗದಲ್ಲಿ ಹಾಗೆಯೇ ನೋಡಿದ್ದೀರಿ. ಭೂಮಿ ಗುಂಡಗಿದೆ ಎಂಬುದನ್ನು ನೀವೂ ಪೂಜಾರಿಯೂ ಸೇರಿ ಮರೆತಿದ್ದೀರಿ. ತಾರೀಖೊಂದನ್ನೇ ಹಿಡಿದು ನಿಮ್ಮಂತೆಯೇ ನೋಡಿದೆ. ರೇವತಿ! ನೀವು ತಪ್ಪಿದಿರಿ ಅಪ್ಪ, ಆದರೆ ಹತ್ತೂ ಜನರಿಗೆ ಒಂದೇ ರೀತಿಯಲ್ಲಿ ತಪ್ಪಿದಿರಿ. ಒಬ್ಬನ ವಿಷಯದಲ್ಲಿ ಮಾತ್ರ ಜಾಣನಾಗಲು ಹೋಗಿ ಕೆಟ್ಟವನು ನಾನು.

ಚಪ್ಪಲಿಯಲ್ಲೇ ರಸ್ತೆ ದಾಟಿ ಡೊರೊತಿಯ ಬಾಗಿಲು ಬಡಿದು, "ತಪ್ಪು ನನ್ನದು. ನಕ್ಷತ್ರ ಕೂಡಿಬರುತ್ತೆ" ಎಂದೆ. ಅವಳು ಬಾಗಿಲ ಚೌಕಟ್ಟು ಹಿಡಿದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ, "ಒಂದು ವಾರದಿಂದ ನಿಮ್ಮ ಮೇಲೆ ಸಿಟ್ಟಾಗಿದೀನಿ, ಮಿಸ್ಟರ್ ನಂಜ್. ಇವತ್ತು ಸಂಜೆವರೆಗೂ ಆಗಿರ್ತೀನಿ. ಒಳಗೆ ಬನ್ನಿ" ಎಂದಳು.

ಅನಂತರ ಬರೆದ ಅರ್ಜಿಯನ್ನು ನೀವು ನೋಡಬೇಕಿತ್ತು. ಇಂಗ್ಲಿಷಿನಲ್ಲಿ ಹದಿನಾಲ್ಕು ಕಲಮುಗಳು, ನೋಟ್‌ಬುಕ್ಕಿನ ಪುಟದ ದೃಢೀಕೃತ ನಕಲು, ಹತ್ತು ಹೆಸರು ಹತ್ತು ನಕ್ಷತ್ರಗಳ ಪಟ್ಟಿ, ನಿಮ್ಮ ಲೆಕ್ಕದ ದೋಷವೂ ಸೇರಿದಂತೆ ಏನನ್ನೂ ಮರೆಮಾಚದ ವಿವರಣೆ. "ತಾತ, ನೋಬಡಿ ರೈಟ್ಸ್ ಲೈಕ್ ದಿಸ್. ಒಂದು ಈಮೇಲ್ ಸಾಕು" ಎಂದಳು ಅದಿತಿ. ಒಂದಕ್ಷರ ಕಡಿಮೆ ಮಾಡಲಿಲ್ಲ. ಮೂರು ವಾರದ ಮೇಲೆ ಇಲಾಖೆಯ ಅಧಿಕಾರಿಣಿಯೊಬ್ಬಳು ಫೋನ್ ಮಾಡಿದಳು. "ಸರ್, ನಕ್ಷತ್ರ ನಮ್ಮಲ್ಲಿ ಸಾಕ್ಷ್ಯ ಆಗಲ್ಲ. ಆದ್ರೆ ಯಾರ ಮನೆ ಬಾಗಿಲು ತಟ್ಟಬೇಕು ಅಂತ ನಮಗೆ ಗೊತ್ತಿರಲಿಲ್ಲ, ಈಗ ಗೊತ್ತಾಯ್ತು. ಮತ್ತೆ, ನಿಮ್ಮ ಅರ್ಜೀನ ಆಫೀಸಲ್ಲಿ ಎಲ್ಲರೂ ಓದಿದ್ವಿ" ಎಂದಳು. ಯಾವ ಉದ್ದೇಶದಿಂದ ಓದಿದರೋ, ನಾನು ಕೇಳಲಿಲ್ಲ.

ಡೊರೊತಿಯ ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಒರೆಸಿ ಕಳಿಸಬೇಕಿತ್ತು. ರಕ್ತಸಂಬಂಧ ಅದರಲ್ಲೇ ತಿಳಿಯುತ್ತದಂತೆ. ಅದಕ್ಕೆ ಅರ್ಧ ಗಂಟೆ ಮುಂಚೆ ಏನೂ ಕುಡಿಯಬಾರದೆಂದು ಇಲಾಖೆ ಕಳಿಸಿದ ಡಬ್ಬಿಯ ಮೇಲೆ ಬರೆದಿತ್ತು. ಶಾರದೆ ಆ ಹೊತ್ತಿಗೇ ಫಿಲ್ಟರ್ ಕಾಫಿ ಹಿಡಿದು ಹೋಗಿದ್ದಾಳೆ! ಡೊರೊತಿ ಲೋಟವನ್ನೂ ಹತ್ತಿಯನ್ನೂ ನೋಡಿ, "ರಾಬರ್ಟ್ ಇಷ್ಟು ವರ್ಷ ಕಾದಿದಾನೆ, ಇನ್ನರ್ಧ ಗಂಟೆ ಕಾಯ್ತಾನೆ" ಎಂದು ಕಾಫಿ ಕುಡಿದೇ ಬಿಟ್ಟಳು. ಅರ್ಧ ಗಂಟೆಯನ್ನು ಗಡಿಯಾರ ಹಿಡಿದು ಕಾದವನು ನಾನು.

ಚಳಿಗಾಲ ಪೂರ್ತಿ ಸುದ್ದಿಯಿಲ್ಲ. ಹಿಮ ಬಿದ್ದ ದಿನಗಳಲ್ಲಿ ಡೊರೊತಿ ಕಿಟಕಿಯಿಂದ ಅಂಚೆಯ ಗಾಡಿಯನ್ನು ಕಾಯುವುದು ನಮಗೆ ಕಾಣುತ್ತಿತ್ತು. ನಾನು ಮನಸ್ಸಿನಲ್ಲೇ ನಿಮ್ಮನ್ನು ಎಷ್ಟು ಸಲ ಕೇಳಿದೆನೋ: ಅಪ್ಪ, ಸರಿಯಾಗಿ ಕೇಳಿ ಬರೆದುಕೊಂಡಿದ್ದೀರಿ ತಾನೇ? ಆ ಹುಡುಗ ತಮಾಷೆಗೆ ಬೇರೆ ತಾರೀಖು ಹೇಳಿದ್ದರೆ...

ಮೊನ್ನೆ ಮಂಗಳವಾರ ಬೆಳಿಗ್ಗೆ ಡೊರೊತಿ ಕೋಲು ಮರೆತು ನಡೆದುಬಂದಳು. ಕೈಯಲ್ಲಿ ಒಡೆದ ಲಕೋಟೆ. "ಓದಿ" ಎಂದಳು. ನಾನು ಕನ್ನಡಕ ಹುಡುಕುವಷ್ಟರಲ್ಲಿ ತಾನೇ ಹೇಳಿಬಿಟ್ಟಳು: "ಅವನೇ. ನಂಜ್, ಅವನೇ! ಅವನಿಗೆ ಅವನ ಹೆಸರು ಕೊಟ್ರು." ಶಾರದೆಗೆ ಇಂಗ್ಲಿಷ್ ಅರ್ಥವಾಗುವ ಮೊದಲೇ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅಳುತ್ತಿದ್ದರು, ಆಮೇಲೆ ನಗುತ್ತಿದ್ದರು. ನಾನು ಕಾಗದವನ್ನು ಎರಡು ಸಲ ಓದಿದೆ. ಮೂರನೆಯ ಕಲಮಿನಲ್ಲಿ, ಸಂಬಂಧಿಕರನ್ನು ಪತ್ತೆ ಮಾಡಲು ಬೆಂಗಳೂರಿನ ಕಾರ್ಖಾನೆಯ ಒಬ್ಬ ಕೆಲಸಗಾರನ ಟಿಪ್ಪಣಿ ನೆರವಾಯಿತು ಎಂದಿದೆ. ಅವರು ನಿಮ್ಮ ಹೆಸರನ್ನು ಸರಿಯಾಗಿಯೇ ಬರೆದಿದ್ದಾರೆ.

ನೋಟ್‌ಬುಕ್ಕಿನಲ್ಲಿ ಇನ್ನೂ ನಲವತ್ತೊಂದು ಪುಟಗಳಿವೆ. ಯಾವ ಪುಟದವರು ಸುಖವಾಗಿ ಮುಟ್ಟಿದರು, ಯಾವ ಪುಟದಲ್ಲಿ ಇನ್ನೊಬ್ಬ ಹತ್ತನೆಯವನಿದ್ದಾನೆ, ಯಾರು ಬಲ್ಲರು? ಇಲಾಖೆಯವರು ಅಷ್ಟನ್ನೂ ಕೇಳಿದ್ದಾರೆ. ಕಣ್ಣು ನಡೆಯುವ ತನಕ ದಿನಕ್ಕೊಂದು ಪುಟದಂತೆ ಸ್ವಹಸ್ತದಿಂದ ನಕಲು ಮಾಡಿ ಕಳಿಸುತ್ತೇನೆಂದು ಈ ಮೂಲಕ ಮಾತು ಕೊಡುತ್ತೇನೆ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ ಏನೆಂದರೆ: ಅಲ್ಲಿ ಆ ಜೆರ್ಸಿಯ ಹುಡುಗ ಎದುರಾದರೆ, ಮುಂದಿನ ಶನಿವಾರ ಬೆಳಿಗ್ಗೆ ಅವನನ್ನು ಅವನ ಊರಿನಲ್ಲಿ, ಅವನ ಅಮ್ಮನ ಪಕ್ಕದಲ್ಲಿ ಮಲಗಿಸುತ್ತಾರೆಂದು ತಿಳಿಸಬೇಕು. ತಂಗಿ ನೀಲಿ ಕೋಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂರುತ್ತಾಳೆ. ಅವಳ ಎಡಗಡೆಯ ಕುರ್ಚಿ ಮನೆಯವರಿಗೆಂದು ಕಾದಿರಿಸಿದ್ದು. ಅವಳ ಕಡೆಯವರು ಬೇರೆ ಯಾರೂ ಉಳಿದಿಲ್ಲವಾದ್ದರಿಂದ, ಅವಳ ಅಪ್ಪಣೆಯಂತೆ, ಅಲ್ಲಿ ನಾನು ಕೂರುತ್ತೇನೆ.

ತಮ್ಮ ಆಜ್ಞಾಧಾರಕ ಪುತ್ರ,
(ಸಹಿ) ಬಿ. ನಂಜುಂಡಯ್ಯ
ಸಮರ್‌ಸೆಟ್, ನ್ಯೂಜೆರ್ಸಿ

ಅಡಕ: ಭಾವಚಿತ್ರ, ಒಂದು. ಸಮುದ್ರತೀರದಲ್ಲಿ ರಾಬರ್ಟ್, ಹೆಗಲ ಮೇಲೆ ತಂಗಿಯನ್ನು ಕೂರಿಸಿಕೊಂಡು, ಇಬ್ಬರೂ ನಗುತ್ತಿರುವುದು.